ಯಾರ ಪೈಕಿ? ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಕೈಹಾಕುವ ಮುಂಚೆ

ಮೂರು ತರಗತಿಗಳಿವೆ ಎಂದುಕೊಳ್ಳಿ. ಒಂದರಲ್ಲಿ 10 ವಿದ್ಯಾರ್ಥಿಗಳು, ಇನ್ನೊಂದರಲ್ಲಿ 20, ಮತ್ತೊಂದರಲ್ಲಿ 90. ಒಂದು ತರಗತಿಯಲ್ಲಿ ಸರಾಸರಿ ಎಷ್ಟು ಮಂದಿ?

120ನ್ನು 3ರಿಂದ ಭಾಗಿಸಿದರೆ 40. ಸರಿಯಾದ ಉತ್ತರವೇ. ಈಗ ಅದೇ ಪ್ರಶ್ನೆಯನ್ನು ಆ 120 ವಿದ್ಯಾರ್ಥಿಗಳಿಗೇ ಕೇಳಿ ನೋಡಿ: "ನಿನ್ನ ತರಗತಿಯಲ್ಲಿ ಎಷ್ಟು ಜನ ಇದ್ದೀರಿ?" ಹತ್ತು ಮಂದಿ 10 ಎನ್ನುತ್ತಾರೆ, ಇಪ್ಪತ್ತು ಮಂದಿ 20 ಎನ್ನುತ್ತಾರೆ, ತೊಂಬತ್ತು ಮಂದಿ 90 ಎನ್ನುತ್ತಾರೆ. ಎಲ್ಲ ಉತ್ತರಗಳನ್ನೂ ಕೂಡಿಸಿದರೆ 100 + 400 + 8100, ಅಂದರೆ 8600. ಅದನ್ನು 120ರಿಂದ ಭಾಗಿಸಿದರೆ ಸುಮಾರು 72. ಇದೂ ಸರಿಯಾದ ಉತ್ತರವೇ.

ಕೂಡಿಸುವುದರಲ್ಲಾಗಲಿ ಭಾಗಿಸುವುದರಲ್ಲಾಗಲಿ ಎಲ್ಲೂ ತಪ್ಪಿಲ್ಲ. ಒಂದು ಸಲ ತರಗತಿಗಳನ್ನು ಎಣಿಸಿ ಸರಾಸರಿ ತೆಗೆದೆವು, ಇನ್ನೊಂದು ಸಲ ವಿದ್ಯಾರ್ಥಿಗಳನ್ನು ಎಣಿಸಿ ತೆಗೆದೆವು, ಅಷ್ಟೆ. ಆಡಳಿತದವರು "ನಮ್ಮಲ್ಲಿ ತರಗತಿಗೆ ನಲವತ್ತೇ ಜನ" ಎನ್ನುತ್ತಾರೆ, ವಿದ್ಯಾರ್ಥಿಗಳು "ಕೂರಲು ಜಾಗವಿಲ್ಲ" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಪದವಿಯಲ್ಲಿ ಮೊದಲ ಸಲ ಸಂಖ್ಯಾಶಾಸ್ತ್ರ ಓದುವವರು ಸೂತ್ರಗಳಿಗೆ ಹೆದರುತ್ತಾರೆ. ಆದರೆ ಸೂತ್ರದ ಹಾಳೆಯನ್ನು ಎಷ್ಟೋ ಪರೀಕ್ಷೆಗಳಲ್ಲಿ ಕೈಗೇ ಕೊಡುತ್ತಾರೆ, ಕ್ಯಾಲ್ಕ್ಯುಲೇಟರಿಗೂ ಅಡ್ಡಿಯಿಲ್ಲ. ಇಷ್ಟಿದ್ದೂ ಅಂಕ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಸೂತ್ರ ಸರಿಯಿದ್ದು ಅದನ್ನು ಹಾಕಿದ ಜಾಗ ತಪ್ಪಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ವಿಷಯದ ಮುಕ್ಕಾಲು ಪಾಲು ತೊಡಕು ಗಣಿತದ್ದಲ್ಲ, ಓದಿನದು. ಪ್ರಶ್ನೆಯಲ್ಲಿರುವ ಪ್ರತಿ ಸಂಖ್ಯೆಗೂ "ಇದು ಯಾರ ಪೈಕಿ?" ಎಂದು ಕೇಳದೆ ಮುಂದೆ ಹೋಗುವುದರಿಂದ ಬರುವ ತೊಡಕು.

"ಪೈಕಿ" ಎಂಬ ಪದವನ್ನು ನಾನು ಬೇಕೆಂದೇ ಹಿಡಿದುಕೊಂಡಿದ್ದೇನೆ. "ಶೇ 30" ಎಂದು ಬರೆದರೆ ಯಾವುದರ ಶೇ 30 ಎಂದು ಹೇಳದೆ ತಪ್ಪಿಸಿಕೊಳ್ಳಬಹುದು. "ಪೈಕಿ" ಎಂದೊಡನೆ ಅದರ ಹಿಂದೆ ಏನಾದರೊಂದು ಬರಲೇಬೇಕು. ಛೇದ ಯಾವುದೆಂದು ಬಾಯಿಬಿಡಲೇಬೇಕು.

ಶೇಕಡದ ಸಣ್ಣಪುಟ್ಟ ಬಲೆಗಳು

ಇವನ್ನು ಬೇಗ ಮುಗಿಸೋಣ. ಬಡ್ಡಿ ದರ ಶೇ 4ರಿಂದ ಶೇ 6ಕ್ಕೆ ಏರಿತು. ಏರಿಕೆ ಎಷ್ಟು? ಮೂಲ ಸಾಲದ ಲೆಕ್ಕದಲ್ಲಿ ನೋಡಿದರೆ ನೂರಕ್ಕೆ ಎರಡು ಹೆಚ್ಚು, ಅಂದರೆ 2 ಶೇಕಡಾವಾರು ಅಂಶ. ಹಳೆಯ ದರದ ಲೆಕ್ಕದಲ್ಲಿ ನೋಡಿದರೆ ನಾಲ್ಕಕ್ಕೆ ಎರಡು ಹೆಚ್ಚು, ಅಂದರೆ ಶೇ 50. ಹೆದರಿಸಬೇಕಾದವರು ಎರಡನೆಯದನ್ನೂ ಸಮಾಧಾನ ಹೇಳಬೇಕಾದವರು ಮೊದಲನೆಯದನ್ನೂ ಆರಿಸಿಕೊಳ್ಳುತ್ತಾರೆ.

ಒಂದು ವಸ್ತುವಿನ ಬೆಲೆ ಶೇ 20 ಏರಿ ಮತ್ತೆ ಶೇ 20 ಇಳಿದರೆ ಮೊದಲಿನ ಬೆಲೆಗೆ ಬರುವುದಿಲ್ಲ. 100 ಇದ್ದದ್ದು 120 ಆಗಿ, ಆ 120ರ ಶೇ 20 ಇಳಿದು 96ಕ್ಕೆ ನಿಲ್ಲುತ್ತದೆ. ಎರಡನೆಯ ಶೇ 20ರ ಛೇದ ಬೇರೆ.

30 ಮಂದಿಯ ಗುಂಪಿನ ಸರಾಸರಿ ಅಂಕ 80, 10 ಮಂದಿಯ ಗುಂಪಿನ ಸರಾಸರಿ 60. ಒಟ್ಟು ಸರಾಸರಿ 70 ಅಲ್ಲ, 75: (2400 + 600) ÷ 40. ಹೋಗುವಾಗ ಗಂಟೆಗೆ 60 ಕಿಲೋಮೀಟರ್, ಅದೇ ದಾರಿಯಲ್ಲಿ ಬರುವಾಗ 40 ಎಂದರೆ ಸರಾಸರಿ ವೇಗ 50 ಅಲ್ಲ, 48. ನಿಧಾನವಾಗಿ ಬಂದಾಗ ಹೆಚ್ಚು ಹೊತ್ತು ಹಿಡಿದಿರುತ್ತದೆ, ಹಾಗಾಗಿ ಒಟ್ಟು ಗಂಟೆಗಳ ಪೈಕಿ ಆ ವೇಗದ ಪಾಲು ದೊಡ್ಡದು. ಸರಾಸರಿಗಳ ಸರಾಸರಿ ತೆಗೆಯಲು ಕೈ ತುರಿಸಿದಾಗಲೆಲ್ಲ ಒಂದು ಕ್ಷಣ ನಿಂತು, ಒಟ್ಟು ಮೊತ್ತಕ್ಕೂ ಒಟ್ಟು ಎಣಿಕೆಗೂ ಹಿಂದಿರುಗುವುದು ಕ್ಷೇಮ.

ಪಾಸಿಟಿವ್ ಬಂತು, ಈಗೇನು?

ಒಂದು ರೋಗ ಸಾವಿರದ ಪೈಕಿ ಒಬ್ಬರಿಗೆ ಇದೆ. ಅದನ್ನು ಪತ್ತೆ ಮಾಡುವ ಪರೀಕ್ಷೆಯೊಂದಿದೆ; ರೋಗವಿಲ್ಲದವರಲ್ಲೂ ಶೇ 5 ಮಂದಿಗೆ ಅದು ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಯಾವ ಲಕ್ಷಣವೂ ಗೊತ್ತಿಲ್ಲದ ಒಬ್ಬ ವ್ಯಕ್ತಿಗೆ ಪಾಸಿಟಿವ್ ಬಂದಿದೆ. ಅವರಿಗೆ ನಿಜಕ್ಕೂ ರೋಗವಿರುವ ಸಂಭವನೀಯತೆ ಎಷ್ಟು?

ಈ ಪ್ರಶ್ನೆಯನ್ನು ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದ ಆಸ್ಪತ್ರೆಗಳಲ್ಲಿ 60 ಮಂದಿಗೆ ಕೇಳಿದ ಅಧ್ಯಯನವೊಂದು 1978ರಲ್ಲಿ ಪ್ರಕಟವಾಯಿತು. ಅವರಲ್ಲಿ ವೈದ್ಯರೂ ಇದ್ದರು, ವೈದ್ಯ ವಿದ್ಯಾರ್ಥಿಗಳೂ ಇದ್ದರು. ಸರಿಯುತ್ತರ ಕೊಟ್ಟವರು 11 ಮಂದಿ. ಅತಿ ಹೆಚ್ಚು ಮಂದಿ ಕೊಟ್ಟ ಉತ್ತರ ಶೇ 95. ಸರಿಯುತ್ತರ ಸುಮಾರು ಶೇ 2.

ಇಲ್ಲಿ ಬೇಯ್ಸ್ ಪ್ರಮೇಯ ("ಇದಾದರೆ ಅದು" ಎಂಬ ಸಂಭವನೀಯತೆಯನ್ನು "ಅದಾದರೆ ಇದು" ಎಂಬುದಕ್ಕೆ ತಿರುಗಿಸುವ ಸೂತ್ರ) ಬಳಸಿ ಎಂದು ಪಠ್ಯಪುಸ್ತಕ ಹೇಳುತ್ತದೆ. ಥಾಮಸ್ ಬೇಯ್ಸ್ 1761ರಲ್ಲಿ ತೀರಿಕೊಂಡರು, ಅವರ ಪ್ರಬಂಧವನ್ನು ಗೆಳೆಯ ರಿಚರ್ಡ್ ಪ್ರೈಸ್ 1763ರಲ್ಲಿ ಬೆಳಕಿಗೆ ತಂದರು. ಅಂದಿನಿಂದ ಇಂದಿನವರೆಗೂ ಆ ಸೂತ್ರವನ್ನು ಬಾಯಿಪಾಠ ಮಾಡಿ ಮರೆಯುವವರೇ ಹೆಚ್ಚು. ನನ್ನ ಸಲಹೆ: ಸೂತ್ರ ಬಿಡಿ, ಜನರನ್ನು ಎಣಿಸಿ.

ಒಂದು ಲಕ್ಷ ಜನರನ್ನು ಕಲ್ಪಿಸಿಕೊಳ್ಳಿ. ಸಾವಿರಕ್ಕೊಬ್ಬರಂತೆ 100 ಮಂದಿಗೆ ರೋಗವಿದೆ, 99,900 ಮಂದಿಗೆ ಇಲ್ಲ. ಪರೀಕ್ಷೆ ರೋಗಿಗಳನ್ನು ಒಬ್ಬರನ್ನೂ ಬಿಡದೆ ಹಿಡಿಯುತ್ತದೆ ಎಂದೇ ಇಟ್ಟುಕೊಳ್ಳೋಣ. ಆಗ ಆ 100 ಮಂದಿಗೂ ಪಾಸಿಟಿವ್. ರೋಗವಿಲ್ಲದ 99,900ರಲ್ಲಿ ಶೇ 5, ಅಂದರೆ 4,995 ಮಂದಿಗೂ ಪಾಸಿಟಿವ್. ಹೀಗೆ ಪಾಸಿಟಿವ್ ಚೀಟಿ ಹಿಡಿದು ನಿಂತವರು ಒಟ್ಟು 5,095. ಅವರ ಪೈಕಿ ನಿಜವಾದ ರೋಗಿಗಳು 100. ಭಾಗಿಸಿದರೆ 0.0196.

ಶೇ 95 ಎಂದವರು ಎಡವಿದ್ದು ಎಲ್ಲಿ? ರೋಗವಿಲ್ಲದವರ ಪೈಕಿ ಶೇ 95 ಮಂದಿಗೆ ಪರೀಕ್ಷೆ ಸರಿಯಾಗಿ ನೆಗೆಟಿವ್ ಕೊಡುತ್ತದೆ, ಅದು ನಿಜ. ಆದರೆ ಪ್ರಶ್ನೆ ಕೇಳಿದ್ದು ಪಾಸಿಟಿವ್ ಬಂದವರ ಪೈಕಿ. ಎರಡು ಬೇರೆ ಬೇರೆ ಗುಂಪುಗಳು. ಸಂಕೇತದಲ್ಲಿ P(A|B) ಎಂದು ಬರೆದರೆ ನಡುವೆ ಒಂದು ಲಂಬ ಗೆರೆ, ಅದರ ಆಚೀಚೆ ಎರಡು ಅಕ್ಷರ. ಅದಲುಬದಲಾದರೂ ಕಣ್ಣಿಗೆ ಬೀಳುವುದಿಲ್ಲ. ಆ ಗೆರೆಯನ್ನು ನೋಡಿದಾಗಲೆಲ್ಲ, ಅದರ ಬಲಗಡೆ ಇರುವುದನ್ನು ಮೊದಲು ಓದಿ "ಪೈಕಿ" ಸೇರಿಸಿ, ಆಮೇಲೆ ಎಡಗಡೆಗೆ ಬನ್ನಿ. ಅಕ್ಷರಗಳು ತಾವಾಗಿಯೇ ಅರ್ಥ ಬಿಟ್ಟುಕೊಡುತ್ತವೆ.

ಈ ಅದಲುಬದಲಿಗೆ ಪರೀಕ್ಷೆಯ ಅಂಕಕ್ಕಿಂತ ದೊಡ್ಡ ಬೆಲೆ ತೆತ್ತವರೂ ಇದ್ದಾರೆ. 1999ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದರಲ್ಲಿ ತಾಯಿಯೊಬ್ಬಳ ಮೇಲೆ ತನ್ನ ಇಬ್ಬರು ಶಿಶುಗಳನ್ನು ಕೊಂದ ಆರೋಪವಿತ್ತು. ಆ ತಾಯಿಯದಂಥ ಕುಟುಂಬದಲ್ಲಿ ಶಿಶು ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಸಂಭವ 8,543ಕ್ಕೆ ಒಂದು; ಎರಡು ಶಿಶುಗಳೆಂದರೆ ಅದನ್ನು ಅದರಿಂದಲೇ ಗುಣಿಸಬೇಕು, ಸುಮಾರು 7.3 ಕೋಟಿಗೆ ಒಂದು ಎಂದು ಸಾಕ್ಷ್ಯ ಹೇಳಲಾಯಿತು. ಒಂದೇ ಮನೆಯ ಇಬ್ಬರು ಮಕ್ಕಳ ಸಾವು ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳೆಂದು ಹಾಗೆ ಗುಣಿಸಲು ಬರುವುದಿಲ್ಲ. ವಂಶವಾಹಿಯೂ ಪರಿಸರವೂ ಒಂದೇ ಆಗಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ಆ ಸಂಖ್ಯೆ ನಿಜವೆಂದೇ ಇಟ್ಟುಕೊಂಡರೂ ಅದು ಎಲ್ಲ ಕುಟುಂಬಗಳ ಪೈಕಿ ಇಂಥ ಸಾವು ಎಷ್ಟು ಅಪರೂಪ ಎಂಬುದನ್ನು ಹೇಳುತ್ತದೆ. ನ್ಯಾಯಾಲಯಕ್ಕೆ ಬೇಕಾಗಿದ್ದದ್ದು ಇಬ್ಬರು ಶಿಶುಗಳನ್ನು ಆಗಲೇ ಕಳೆದುಕೊಂಡ ಕುಟುಂಬಗಳ ಪೈಕಿ ಕೊಲೆ ಎಷ್ಟು, ಸಹಜ ಸಾವು ಎಷ್ಟು ಎಂಬುದು. ಇಬ್ಬರು ಮಕ್ಕಳನ್ನು ತಾಯಿಯೇ ಕೊಲ್ಲುವುದೂ ಅತಿ ಅಪರೂಪವಲ್ಲವೇ? ಬ್ರಿಟನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗವಾಗಿಯೇ ಈ ಲೆಕ್ಕವನ್ನು ಆಕ್ಷೇಪಿಸಿತು. ಶಿಕ್ಷೆ ರದ್ದಾದದ್ದು 2003ರಲ್ಲಿ.

ಭಾಗಗಳಲ್ಲಿ ಗೆದ್ದು ಒಟ್ಟಿನಲ್ಲಿ ಸೋತದ್ದು

ಮೂತ್ರಪಿಂಡದ ಕಲ್ಲಿಗೆ ಎರಡು ಚಿಕಿತ್ಸೆಗಳನ್ನು ಹೋಲಿಸಿದ ಅಧ್ಯಯನವೊಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 1986ರಲ್ಲಿ ಬಂತು. ತೆರೆದ ಶಸ್ತ್ರಚಿಕಿತ್ಸೆ ಒಂದು, ಸಣ್ಣ ರಂಧ್ರದ ಮೂಲಕ ಮಾಡುವ ವಿಧಾನ ಇನ್ನೊಂದು. ತಲಾ 350 ರೋಗಿಗಳು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ 273 ಮಂದಿಗೆ ಗುಣವಾಯಿತು, ಶೇ 78. ರಂಧ್ರ ವಿಧಾನದಲ್ಲಿ 289, ಸುಮಾರು ಶೇ 83. ಎರಡನೆಯದೇ ವಾಸಿ ಅನ್ನಿಸುತ್ತದೆ.

ಈಗ ಕಲ್ಲಿನ ಗಾತ್ರ ನೋಡಿ ಬೇರ್ಪಡಿಸಿ:

| | ತೆರೆದ ಶಸ್ತ್ರಚಿಕಿತ್ಸೆ | ರಂಧ್ರ ವಿಧಾನ |
|---|---|---|
| ಸಣ್ಣ ಕಲ್ಲು | 87ರ ಪೈಕಿ 81 (ಶೇ 93) | 270ರ ಪೈಕಿ 234 (ಶೇ 87) |
| ದೊಡ್ಡ ಕಲ್ಲು | 263ರ ಪೈಕಿ 192 (ಶೇ 73) | 80ರ ಪೈಕಿ 55 (ಶೇ 69) |

ಸಣ್ಣ ಕಲ್ಲಿನವರಲ್ಲೂ ತೆರೆದ ಶಸ್ತ್ರಚಿಕಿತ್ಸೆಯೇ ಮೇಲು, ದೊಡ್ಡ ಕಲ್ಲಿನವರಲ್ಲೂ ಅದೇ ಮೇಲು. ಕೂಡಿಸಿದಾಗ ಮಾತ್ರ ಕೆಳಗೆ. ಇದನ್ನು ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ಮಾಯ ಏನೂ ಇಲ್ಲ: ಕಷ್ಟದ ರೋಗಿಗಳನ್ನೆಲ್ಲ ಹೆಚ್ಚಾಗಿ ತೆರೆದ ಶಸ್ತ್ರಚಿಕಿತ್ಸೆಗೆ ಕಳಿಸಿದ್ದರು. ಎಡಗಡೆಯ 350ರಲ್ಲಿ 263 ಮಂದಿ ದೊಡ್ಡ ಕಲ್ಲಿನವರು, ಬಲಗಡೆಯ 350ರಲ್ಲಿ 80 ಮಂದಿ ಮಾತ್ರ. ಒಟ್ಟು ಶೇಕಡವು ಚಿಕಿತ್ಸೆಯ ಗುಣದ ಜೊತೆಗೆ ರೋಗಿಗಳ ಹಂಚಿಕೆಯನ್ನೂ ಅಳೆಯುತ್ತಿದೆ.

ಪರೀಕ್ಷೆಯಲ್ಲಿ ಇಂಥ ಕೋಷ್ಟಕ ಕೊಟ್ಟು "ವಿವರಿಸಿ" ಎಂದರೆ ಸಿಂಪ್ಸನ್ ಹೆಸರು ಬರೆದರೆ ಸಾಲದು. ಯಾವ ಮೂರನೆಯ ಅಂಶ ಎರಡೂ ಗುಂಪುಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಕೂತಿದೆ ಎಂದು ಬೆರಳಿಟ್ಟು ತೋರಿಸಬೇಕು. ಭಾಗ ಮಾಡಿ ನೋಡುವುದೇ ಯಾವಾಗಲೂ ಸರಿ ಎಂದೂ ಅಲ್ಲ. ಇಲ್ಲಿ ಕಲ್ಲಿನ ಗಾತ್ರ ಚಿಕಿತ್ಸೆಗೆ ಮೊದಲೇ ಇದ್ದದ್ದು, ಚಿಕಿತ್ಸೆಯ ಆಯ್ಕೆಯ ಮೇಲೂ ಫಲಿತಾಂಶದ ಮೇಲೂ ಪ್ರಭಾವ ಬೀರಿದ್ದು. ಅದಕ್ಕೇ ಬೇರ್ಪಡಿಸಿದೆವು. ಚಿಕಿತ್ಸೆಯ ಪರಿಣಾಮವಾಗಿಯೇ ಹುಟ್ಟಿದ ಸಂಗತಿಯ ಮೇಲೆ ಬೇರ್ಪಡಿಸಿದರೆ ಉತ್ತರ ಕೆಡುತ್ತದೆ. ಇದನ್ನು ಕೋಷ್ಟಕ ಹೇಳುವುದಿಲ್ಲ, ವಿಷಯ ತಿಳಿದವರು ಹೇಳಬೇಕು.

ಯಾವುದರ ಹರವು?

ನನ್ನನ್ನು ಕೇಳಿದರೆ, ಇಡೀ ಪಠ್ಯಕ್ರಮದಲ್ಲಿ ಅತಿ ಹೆಚ್ಚು ವಿದ್ಯಾರ್ಥಿಗಳು ಎಡವುವ ಜಾಗ ಇದು. ಮಾನಕ ವಿಚಲನೆ (ಒಂದೊಂದು ಅಳತೆ ಸರಾಸರಿಯಿಂದ ಎಷ್ಟು ಚದುರಿದೆ ಎಂಬುದು) ಮತ್ತು ಸ್ಟ್ಯಾಂಡರ್ಡ್ ಎರರ್ (ಸ್ಯಾಂಪಲ್ಲಿನ ಸರಾಸರಿಗಳು ಎಷ್ಟು ಚದುರುತ್ತವೆ ಎಂಬುದು). ಹೆಸರು ಹತ್ತಿರ, ಸೂತ್ರ ಹತ್ತಿರ, ಒಂದನ್ನು ಇನ್ನೊಂದರ ಜಾಗದಲ್ಲಿ ಹಾಕಿದರೂ ಕ್ಯಾಲ್ಕ್ಯುಲೇಟರ್ ತಕರಾರು ಮಾಡುವುದಿಲ್ಲ.

ಒಂದು ಯಂತ್ರ ಬಾಟಲಿಗಳಿಗೆ ದ್ರವ ತುಂಬುತ್ತದೆ. ಸರಾಸರಿ 500 ಮಿಲಿಲೀಟರ್, ಮಾನಕ ವಿಚಲನೆ 6, ಹಂಚಿಕೆ ನಾರ್ಮಲ್, ಅಂದರೆ ಗಂಟೆಯಾಕಾರದ್ದು. ಎರಡು ಪ್ರಶ್ನೆಗಳು. ಮೊದಲನೆಯದು: ಕೈಗೆ ಸಿಕ್ಕ ಒಂದು ಬಾಟಲಿಯಲ್ಲಿ 497ಕ್ಕಿಂತ ಕಡಿಮೆ ಇರುವ ಸಂಭವನೀಯತೆ ಎಷ್ಟು? ಎರಡನೆಯದು: ಕೈಗೆ ಸಿಕ್ಕ 36 ಬಾಟಲಿಗಳ ಸರಾಸರಿ 497ಕ್ಕಿಂತ ಕಡಿಮೆ ಇರುವ ಸಂಭವನೀಯತೆ ಎಷ್ಟು?

ಮೊದಲನೆಯದರಲ್ಲಿ ನಾವು ಬಾಟಲಿಗಳ ರಾಶಿಯ ಮುಂದೆ ನಿಂತಿದ್ದೇವೆ. ಬಾಟಲಿಯಿಂದ ಬಾಟಲಿಗೆ ಆಗುವ ಏರುಪೇರು 6. ಸರಾಸರಿಯಿಂದ ಎಷ್ಟು ಮಾನಕ ವಿಚಲನೆ ದೂರ ಎಂಬುದನ್ನು ಝಡ್ ಎನ್ನುತ್ತಾರೆ; ಇಲ್ಲಿ ಝಡ್ = (497 − 500) ÷ 6 = −0.5. ಕೋಷ್ಟಕ ನೋಡಿದರೆ 0.3085. ನೂರು ಬಾಟಲಿಗಳ ಪೈಕಿ ಸುಮಾರು 31.

ಎರಡನೆಯದರಲ್ಲಿ ರಾಶಿಯೇ ಬೇರೆ. ಇದು ಬಾಟಲಿಗಳ ರಾಶಿಯಲ್ಲ, ಸರಾಸರಿಗಳ ರಾಶಿ. 36 ಬಾಟಲಿ ತೆಗೆ, ಸರಾಸರಿ ಬರೆ, ಹಿಂದಕ್ಕಿಡು; ಮತ್ತೆ 36 ತೆಗೆ, ಸರಾಸರಿ ಬರೆ; ಹೀಗೆ ಸಾವಿರಾರು ಸಲ ಮಾಡಿದರೆ ಸಿಗುವ ಚೀಟಿಗಳ ರಾಶಿ. ಒಂದೊಂದು ಚೀಟಿಯಲ್ಲೂ ಹೆಚ್ಚು ತುಂಬಿದ ಬಾಟಲಿ ಕಡಿಮೆ ತುಂಬಿದ ಬಾಟಲಿಯ ಕೊರತೆಯನ್ನು ತೀರಿಸಿರುತ್ತದೆ. ಆದ್ದರಿಂದ ಚೀಟಿಯಿಂದ ಚೀಟಿಗೆ ಏರುಪೇರು ತುಂಬಾ ಕಡಿಮೆ: 6 ÷ √36 = 1. ಇದೇ ಸ್ಟ್ಯಾಂಡರ್ಡ್ ಎರರ್. ಝಡ್ = −3. ಸಂಭವನೀಯತೆ 0.00135. ಇಂಥ ಹತ್ತು ಸಾವಿರ ಸರಾಸರಿಗಳ ಪೈಕಿ ಹದಿಮೂರೋ ಹದಿನಾಲ್ಕೋ.

ಅದೇ 497, ಅದೇ 500, ಅದೇ 6. ಒಂದು ಉತ್ತರ ಶೇ 31, ಇನ್ನೊಂದು ಶೇ 0.135. ಪ್ರಶ್ನೆಯಲ್ಲಿ ಬದಲಾದದ್ದು ಎರಡೇ ಪದ. ವರ್ಗಮೂಲ ಎಲ್ಲಿಂದ ಬಂತು ಎಂದು ಕೇಳುವವರಿಗೆ: ಸ್ವತಂತ್ರ ಅಳತೆಗಳನ್ನು ಕೂಡಿಸಿದಾಗ ಕೂಡಿಕೊಳ್ಳುವುದು ವಿಚಲನೆಯಲ್ಲ, ಅದರ ವರ್ಗ. 36 ಬಾಟಲಿಗಳ ಮೊತ್ತದ ವಿಚಲನೆಯ ವರ್ಗ 36 × 36, ಅದರ ವರ್ಗಮೂಲ 36. ಮೊತ್ತವನ್ನು 36ರಿಂದ ಭಾಗಿಸಿದರೆ ಸರಾಸರಿ, ವಿಚಲನೆಯೂ 36ರಿಂದ ಭಾಗವಾಗಿ 1ಕ್ಕೆ ಇಳಿಯುತ್ತದೆ. ಇದರಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ: ನಿಖರತೆ ಎರಡರಷ್ಟಾಗಬೇಕಾದರೆ ಸ್ಯಾಂಪಲ್ ನಾಲ್ಕರಷ್ಟಾಗಬೇಕು. ದುಬಾರಿ ವ್ಯವಹಾರ.

ಯಂತ್ರದ ಮಾನಕ ವಿಚಲನೆ 6 ಎಂದು ಯಾರೋ ಹೇಳಿಕೊಟ್ಟದ್ದರಿಂದ ಬಚಾವಾದೆವು. ನಿಜಜೀವನದಲ್ಲಿ ಅದನ್ನೂ ಕೈಯಲ್ಲಿರುವ ಹತ್ತಿಪ್ಪತ್ತು ಅಳತೆಗಳಿಂದಲೇ ಅಂದಾಜು ಮಾಡಬೇಕು. ಆ ಅಂದಾಜು ತಾನೇ ಅಲುಗಾಡುತ್ತಿರುವಾಗ ನಾರ್ಮಲ್ ಕೋಷ್ಟಕವನ್ನು ನಂಬಿದರೆ ನಮಗಿಲ್ಲದ ಖಚಿತತೆ ಬಂದುಬಿಡುತ್ತದೆ. ಇದನ್ನು ಗಮನಿಸಿದವರು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ವಿಲಿಯಂ ಗೊಸೆಟ್. ಅವರ ಕೈಗೆ ಸಿಗುತ್ತಿದ್ದ ಸ್ಯಾಂಪಲ್‌ಗಳೆಲ್ಲ ಚಿಕ್ಕವು. ನೌಕರರು ಸ್ವಂತ ಹೆಸರಿನಲ್ಲಿ ಪ್ರಬಂಧ ಪ್ರಕಟಿಸಲು ಕಂಪನಿ ಬಿಡುತ್ತಿರಲಿಲ್ಲವಾದ್ದರಿಂದ 1908ರಲ್ಲಿ "ಸ್ಟೂಡೆಂಟ್" ಎಂಬ ಹೆಸರಿನಲ್ಲಿ, ಚಿಕ್ಕ ಸ್ಯಾಂಪಲ್ಲಿಗೆ ಹೊಂದುವ ಲೆಕ್ಕದ ಬಗ್ಗೆ ಬರೆದರು. ಟಿ-ಟೆಸ್ಟ್‌ಗೆ ಸ್ಟೂಡೆಂಟ್ ಎಂಬ ಹೆಸರು ಅಂಟಿಕೊಂಡದ್ದು ಹಾಗೆ; ವಿದ್ಯಾರ್ಥಿಗಳನ್ನು ಕಾಡುತ್ತದೆ ಎಂಬ ಕಾರಣಕ್ಕಲ್ಲ. 10 ಅಳತೆಗಳಿದ್ದಾಗ, ನೂರರ ಪೈಕಿ 95 ಫಲಿತಾಂಶಗಳನ್ನು ಒಳಗಿಡುವ ಗೆರೆ ನಾರ್ಮಲ್ ಕೋಷ್ಟಕದ 1.96ರಲ್ಲಿ ಅಲ್ಲ, 2.262ರಲ್ಲಿ ಬೀಳುತ್ತದೆ. ಗೊತ್ತಿಲ್ಲದ್ದಕ್ಕೆ ಕಟ್ಟುವ ದಂಡ ಅದು. ಅಳತೆಗಳು ಹೆಚ್ಚಿದಂತೆ ದಂಡ ಕರಗುತ್ತದೆ. 31 ಅಳತೆಗಳಿಗೆ 2.042.

ಪಿ-ವ್ಯಾಲ್ಯೂ ಹೇಳುವುದೂ ಹೇಳದಿರುವುದೂ

ಒಂದು ನಾಣ್ಯವನ್ನು 100 ಸಲ ಚಿಮ್ಮಿದಾಗ 60 ಸಲ ಹೆಡ್ ಬಿತ್ತು. ನಾಣ್ಯ ಸರಿಯಿದೆಯೇ?

ಇಲ್ಲಿ ಮಾಡುವ ತರ್ಕ ವಕೀಲರದು. ನಾಣ್ಯ ನಿರ್ದೋಷಿ ಎಂದೇ ಮೊದಲು ಒಪ್ಪಿಕೊಳ್ಳುವುದು. ಇದೇ ನಲ್ ಹೈಪಾಥಿಸಿಸ್. ನಿರ್ದೋಷಿ ನಾಣ್ಯಗಳು ಮಾತ್ರ ಇರುವ ಒಂದು ಲೋಕದಲ್ಲಿ, ಪ್ರತಿ ನಾಣ್ಯವನ್ನೂ ನೂರು ಸಲ ಚಿಮ್ಮಿದರೆ, ಆ ಪ್ರಯೋಗಗಳ ಪೈಕಿ ಎಷ್ಟರಲ್ಲಿ 50ರಿಂದ ಇಷ್ಟು ದೂರ ಅಥವಾ ಇನ್ನೂ ದೂರದ ಫಲಿತಾಂಶ ಬರುತ್ತದೆ? ಆ ಪ್ರಮಾಣವೇ ಪಿ-ವ್ಯಾಲ್ಯೂ.

ಲೆಕ್ಕ ಹೀಗೆ. ನಿರ್ದೋಷಿ ನಾಣ್ಯದಲ್ಲಿ ಹೆಡ್‌ಗಳ ಸರಾಸರಿ 50, ಮಾನಕ ವಿಚಲನೆ √(100 × 0.5 × 0.5) = 5. ಹಾಗಾಗಿ ಝಡ್ = 10 ÷ 5 = 2. ಎರಡೂ ಬದಿ ಸೇರಿಸಿದರೆ ಪಿ-ವ್ಯಾಲ್ಯೂ ಸುಮಾರು 0.0455. ರೂಢಿಯ ಗೆರೆಯಾದ 0.05ಕ್ಕಿಂತ ಕಡಿಮೆ, ನಲ್ ತಿರಸ್ಕೃತ, ಅಂಕ ಸಿಕ್ಕಿತು.

ಸ್ವಲ್ಪ ತಡೆಯಿರಿ. ಹೆಡ್‌ಗಳನ್ನು ಎಣಿಸುವಾಗ 59 ಆದ ಮೇಲೆ 60, ನಡುವೆ ಏನಿಲ್ಲ. ನಾರ್ಮಲ್ ವಕ್ರರೇಖೆ ಬರಿಯ ಅಂದಾಜು. ಬೈನಾಮಿಯಲ್ ಹಂಚಿಕೆಯಿಂದ (ಇಂಥ ಎಣಿಕೆಗಳಿಗೇ ಇರುವ ಹಂಚಿಕೆ) ನಿಖರವಾಗಿ ಎಣಿಸಿದರೆ 0.0569 ಬರುತ್ತದೆ. 0.05ಕ್ಕಿಂತ ಹೆಚ್ಚು! ಅದೇ ನಾಣ್ಯ, ಅದೇ 60 ಹೆಡ್. ಒಂದು ದಾರಿಯಲ್ಲಿ ಅಪರಾಧಿ, ಇನ್ನೊಂದರಲ್ಲಿ ಖುಲಾಸೆ. ಇದನ್ನು ನೋಡಿ ಗಾಬರಿಯಾಗುವವರು 0.05 ಎಂಬುದನ್ನು ಪ್ರಕೃತಿಯೇ ಎಳೆದ ಗೆರೆ ಎಂದುಕೊಂಡಿರುತ್ತಾರೆ. ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್ 1925ರ ತಮ್ಮ ಪುಸ್ತಕದಲ್ಲಿ ಅನುಕೂಲಕ್ಕೆಂದು ಸೂಚಿಸಿದ ಗೆರೆ ಅದು. ಅನುಕೂಲ ಪದ್ಧತಿಯಾಯಿತು, ಪದ್ಧತಿ ಕಟ್ಟಳೆಯಾಯಿತು. 0.0455 ಮತ್ತು 0.0569 ಎರಡೂ ಹೇಳುವುದು ಒಂದೇ ಮಾತು: ನಾಣ್ಯದ ಮೇಲೆ ಅನುಮಾನ ಪಡಲು ಕಾರಣವಿದೆ, ಇನ್ನೊಂದಿಷ್ಟು ಸಲ ಚಿಮ್ಮಿ ನೋಡಿ.

"ಪಿ-ವ್ಯಾಲ್ಯೂ 0.0455 ಎಂದರೆ ನಾಣ್ಯ ಸರಿಯಿರುವ ಸಂಭವನೀಯತೆ ಶೇ 4.55" ಎಂದು ಬರೆದ ಉತ್ತರಪತ್ರಿಕೆಗಳಿಗೆ ಲೆಕ್ಕವಿಲ್ಲ. ಇದು ಮತ್ತೆ ಅದೇ ಪಾಸಿಟಿವ್ ಚೀಟಿಯ ತಪ್ಪು. ಪಿ-ವ್ಯಾಲ್ಯೂ ಮಾತಾಡುವುದು ನಿರ್ದೋಷಿ ನಾಣ್ಯಗಳ ಪೈಕಿ ಇಂಥ ಫಲಿತಾಂಶ ಎಷ್ಟು ಎಂಬುದನ್ನು. ಇಂಥ ಫಲಿತಾಂಶ ಕೊಟ್ಟ ನಾಣ್ಯಗಳ ಪೈಕಿ ನಿರ್ದೋಷಿಗಳೆಷ್ಟು ಎಂಬುದನ್ನಲ್ಲ. ಎರಡನೆಯದು ಬೇಕಿದ್ದರೆ, ಜಗತ್ತಿನಲ್ಲಿ ಮೋಸದ ನಾಣ್ಯಗಳು ಮೊದಲೇ ಎಷ್ಟಿವೆ ಎಂಬುದು ಗೊತ್ತಿರಬೇಕು, ಸಾವಿರಕ್ಕೊಬ್ಬ ರೋಗಿ ಎಂಬ ಮಾಹಿತಿ ಅಲ್ಲಿ ಬೇಕಾದಂತೆ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಪಿ-ವ್ಯಾಲ್ಯೂ ಬಗ್ಗೆ ಹೇಳಿಕೆಯನ್ನೇ ಹೊರಡಿಸಿ ಈ ತಪ್ಪನ್ನು ಎತ್ತಿ ತೋರಿಸಬೇಕಾಯಿತು ಎಂದರೆ, ತಪ್ಪು ಮಾಡುವವರು ಮೊದಲ ವರ್ಷದ ಹುಡುಗರು ಮಾತ್ರ ಅಲ್ಲ ಎಂದಾಯಿತು.

ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿಯ ಅಂದಾಜು) ಕೂಡ ಇದೇ ಜಾತಿಯದು. ಅದೇ ನಾಣ್ಯಕ್ಕೆ ಶೇ 95ರ ಇಂಟರ್ವಲ್: 0.6 ± 1.96 × √(0.6 × 0.4 ÷ 100). ಸ್ಟ್ಯಾಂಡರ್ಡ್ ಎರರ್ 0.049, ಇಂಟರ್ವಲ್ 0.504ರಿಂದ 0.696. ಸೂಕ್ಷ್ಮವಾಗಿ ನೋಡುವ ವಿದ್ಯಾರ್ಥಿ ಇಲ್ಲೊಂದು ಪ್ರಶ್ನೆ ಎತ್ತುತ್ತಾನೆ: ಟೆಸ್ಟ್ ಮಾಡುವಾಗ 0.5 × 0.5 ಹಾಕಿದಿರಿ, ಇಲ್ಲಿ 0.6 × 0.4 ಏಕೆ? ಒಳ್ಳೆಯ ಪ್ರಶ್ನೆ. ಟೆಸ್ಟಿನಲ್ಲಿ ನಾವು ನಿರ್ದೋಷಿ ನಾಣ್ಯಗಳ ಲೋಕದೊಳಗೆ ನಿಂತಿದ್ದೆವು. ಅಲ್ಲಿನ ಹರವು 0.5ರದೇ. ಇಂಟರ್ವಲ್ ಕಟ್ಟುವಾಗ ಯಾವ ಲೋಕದಲ್ಲಿದ್ದೇವೆಂದು ಮೊದಲೇ ಒಪ್ಪಿಕೊಂಡಿಲ್ಲ; ಕೈಯಲ್ಲಿರುವ 0.6 ಬಿಟ್ಟರೆ ಬೇರೆ ಆಧಾರವಿಲ್ಲ.

ಇನ್ನು ಆ 95 ಯಾವುದರ ಪೈಕಿ? ಈ ಒಂದು ಇಂಟರ್ವಲ್‌ನೊಳಗೆ ನಿಜವಾದ ಪ್ರಮಾಣ ಇದೆಯೋ ಇಲ್ಲವೋ, ಎರಡರಲ್ಲೊಂದು. ಅದು ಆಗಲೇ ತೀರ್ಮಾನವಾಗಿದೆ, ನಮಗೆ ಗೊತ್ತಿಲ್ಲ ಅಷ್ಟೆ. 1937ರಲ್ಲಿ ಸಂಖ್ಯಾಶಾಸ್ತ್ರಜ್ಞ ಯೆಜಿ ನೇಮನ್ ಈ ವಿಧಾನವನ್ನು ರೂಪಿಸಿದಾಗ ಭರವಸೆ ಕೊಟ್ಟದ್ದು ವಿಧಾನದ ಬಗ್ಗೆ: ಇದೇ ರೀತಿಯಲ್ಲಿ ಮತ್ತೆ ಮತ್ತೆ ಸ್ಯಾಂಪಲ್ ತೆಗೆದು ಕಟ್ಟಿದ ನೂರು ಇಂಟರ್ವಲ್‌ಗಳ ಪೈಕಿ ಸುಮಾರು 95 ನಿಜವಾದ ಬೆಲೆಯನ್ನು ಒಳಗೊಂಡಿರುತ್ತವೆ. ಬಲೆ ಬೀಸುವವನ ಕೈ ಎಷ್ಟು ಪಳಗಿದೆ ಎಂಬುದರ ಅಳತೆ ಅದು, ಈ ಒಂದು ಬಲೆಯಲ್ಲಿ ಮೀನು ಇದೆಯೇ ಎಂಬುದರದ್ದಲ್ಲ.

ಉತ್ತರ ಕೊಟ್ಟವರ ಪೈಕಿ

ಇಷ್ಟೆಲ್ಲ ಸೂತ್ರಗಳು ನಿಂತಿರುವುದು ಸ್ಯಾಂಪಲ್ ಯಾದೃಚ್ಛಿಕವಾಗಿದೆ ಎಂಬ ನಂಬಿಕೆಯ ಮೇಲೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. ಹಿಂದಿರುಗಿ ಬಂದವು 20 ಲಕ್ಷಕ್ಕೂ ಹೆಚ್ಚು. ಅಧ್ಯಕ್ಷ ರೂಸ್‌ವೆಲ್ಟ್ ಅವರ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ರೂಸ್‌ವೆಲ್ಟ್ ಅಂದಿನ 48 ರಾಜ್ಯಗಳ ಪೈಕಿ 46ನ್ನು ಗೆದ್ದರು. ಟೆಲಿಫೋನ್ ಪುಸ್ತಕ, ಕಾರು ನೋಂದಣಿಯಂಥ ಪಟ್ಟಿಗಳಿಂದ ವಿಳಾಸ ಆಯ್ದಿದ್ದರು. ಆ ಮುಗ್ಗಟ್ಟಿನ ಕಾಲದಲ್ಲಿ ಅವೆರಡೂ ಉಳ್ಳವರ ಸೊತ್ತು. ಮೇಲಾಗಿ ಚೀಟಿ ಬಂದವರಲ್ಲಿ ಕಾಲುಭಾಗದಷ್ಟು ಮಂದಿ ಮಾತ್ರ ಉತ್ತರಿಸಿದರು, ಸಿಟ್ಟಿದ್ದವರು ಹೆಚ್ಚು ಉತ್ಸಾಹದಿಂದ ಉತ್ತರಿಸಿದರು. 20 ಲಕ್ಷವನ್ನು ಸೂತ್ರಕ್ಕೆ ಹಾಕಿದರೆ ಸ್ಟ್ಯಾಂಡರ್ಡ್ ಎರರ್ ಶೂನ್ಯಕ್ಕೆ ಹತ್ತಿರ ಬರುತ್ತದೆ. ಸೂತ್ರಕ್ಕೆ ಗೊತ್ತಿರುವುದು ಅದೃಷ್ಟದ ಏರುಪೇರು ಮಾತ್ರ. ಪಟ್ಟಿಯಲ್ಲೇ ಇಲ್ಲದವರ ಬಗ್ಗೆ ಅದಕ್ಕೇನು ಗೊತ್ತು?

ಹಾಳೆಯ ಮೇಲೆ

ಲೆಕ್ಕ ಬಿಡಿಸುವಾಗ ನಾನು ಪಾಲಿಸುವ ಕ್ರಮ ಸೊಗಸಾದದ್ದೇನಲ್ಲ. ಪ್ರಶ್ನೆಯ ಪ್ರತಿ ಸಂಖ್ಯೆಯ ಕೆಳಗೆ ಸಣ್ಣದಾಗಿ "ಯಾರ ಪೈಕಿ" ಎಂದು ಬರೆಯುತ್ತೇನೆ; ಉತ್ತರ ಸಿಗದ ಸಂಖ್ಯೆಯ ಸುತ್ತ ಗೆರೆ ಎಳೆಯುತ್ತೇನೆ. ಕ್ಯಾಲ್ಕ್ಯುಲೇಟರ್ ಮುಟ್ಟುವ ಮೊದಲು ಉತ್ತರ ಎಲ್ಲಿ ಬೀಳಬಹುದೆಂದು ಊಹಿಸುತ್ತೇನೆ. ಸಂಭವನೀಯತೆ 1 ದಾಟಿದರೆ, ಸರಾಸರಿ ಎಲ್ಲ ಅಳತೆಗಳಿಗಿಂತಲೂ ದೊಡ್ಡದಾದರೆ ಮರುಯೋಚನೆಯೇ ಬೇಡ, ತಪ್ಪಾಗಿದೆ. ದತ್ತಾಂಶ ಕೊಟ್ಟಿದ್ದರೆ ಚಿತ್ರ ಬರೆಯುತ್ತೇನೆ. ಫ್ರಾನ್ಸಿಸ್ ಆನ್ಸ್‌ಕಂಬ್ 1973ರಲ್ಲಿ ನಾಲ್ಕು ಪುಟ್ಟ ದತ್ತಾಂಶಗಳನ್ನು ಹೆಣೆದರು. ನಾಲ್ಕರಲ್ಲೂ ಸರಾಸರಿಗಳು ಒಂದೇ, ಸಹಸಂಬಂಧ (ಎರಡು ಅಳತೆಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬುದು) ಸುಮಾರು 0.816, ರಿಗ್ರೆಷನ್ ಗೆರೆಯೂ (ಚುಕ್ಕಿಗಳ ನಡುವೆ ಹೊಂದುವ ನೇರ ಗೆರೆ) ಒಂದೇ. ಚಿತ್ರ ಬಿಡಿಸಿದರೆ ಒಂದು ಸಾಮಾನ್ಯ ಚುಕ್ಕಿಗಳ ಮೋಡ, ಒಂದು ಬಿಲ್ಲಿನಂತೆ ಬಾಗಿದ್ದು, ಒಂದರಲ್ಲಿ ನೇರ ಗೆರೆಯಿಂದ ಒಂದೇ ಚುಕ್ಕಿ ಸಿಡಿದು ಹೋಗಿದೆ, ಇನ್ನೊಂದರಲ್ಲಿ ದೂರದ ಒಂದೇ ಚುಕ್ಕಿ ಇಡೀ ಗೆರೆಯನ್ನು ಹೊತ್ತು ನಿಂತಿದೆ. ಬರಿಯ ಸಂಖ್ಯೆಗಳನ್ನು ನೋಡಿದವರಿಗೆ ನಾಲ್ಕೂ ಅವಳಿಜವಳಿ.

ಕೊನೆಗೆ ಒಂದು ಹಳೆಯ ಲೆಕ್ಕ, "ಪೈಕಿ"ಯನ್ನು ಎಷ್ಟು ಮಟ್ಟಿಗೆ ಹಿಡಿದುಕೊಂಡಿರಿ ನೋಡಲು. ಕೋಣೆಯಲ್ಲಿ 23 ಮಂದಿ ಇದ್ದಾರೆ. ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವನೀಯತೆ ಸುಮಾರು ಶೇ 50.7. ಕೇಳಿದವರು ನಂಬುವುದಿಲ್ಲ, 365 ದಿನಗಳಿರುವಾಗ 23 ಜನರಿಂದ ಏನಾದೀತು ಎನ್ನುತ್ತಾರೆ. ಅವರ ಮನಸ್ಸು ಎಣಿಸುತ್ತಿರುವುದು ಜನರನ್ನು, ಅದರಲ್ಲೂ ತಮ್ಮ ಹುಟ್ಟುಹಬ್ಬಕ್ಕೆ ಹೊಂದುವ ಜನರನ್ನು. ಎಣಿಸಬೇಕಾದದ್ದು ಜೋಡಿಗಳನ್ನು. 23 ಮಂದಿಯಲ್ಲಿ 23 × 22 ÷ 2, ಅಂದರೆ 253 ಜೋಡಿಗಳಿವೆ. ಒಂದೊಂದು ಜೋಡಿಗೂ 365ಕ್ಕೆ ಒಂದು ಅವಕಾಶ.

ಹಾಗಾದರೆ ನಿಮ್ಮದೇ ಹುಟ್ಟುಹಬ್ಬವನ್ನು ಹಂಚಿಕೊಂಡವರು ಸಿಗುವ ಸಂಭವನೀಯತೆ ಅರ್ಧ ದಾಟಲು ಕೋಣೆಯಲ್ಲಿ ನಿಮ್ಮ ಜೊತೆ ಎಷ್ಟು ಮಂದಿ ಬೇಕು? ಲೆಕ್ಕ ಹಾಕಿದರೆ 253. ಮೇಲಿನ ಜೋಡಿಗಳ ಸಂಖ್ಯೆಯೇ, ಏಕೆಂದರೆ ನೀವು ಒಬ್ಬೊಬ್ಬರ ಜೊತೆಗೂ ಒಂದೊಂದೇ ಜೋಡಿ.